ಮೆಸ್ಸಿನ ಭಟ್ರು ಊರಿಗೆ ಹೋದರೆ: ಕವಲು ಸರಣಿಗೆ ಸ್ವಂತ ಕಾಲು ಇರುತ್ತಾ?

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಹೊಸನಗರ ತಾಲ್ಲೂಕಿನ ನಿಟ್ಟೂರಿಗೆ ಹೋಗಿದ್ದೆವು. ಮನೆಯಲ್ಲಿ ಹೇಳಿದ್ದು ಕೊಡಚಾದ್ರಿ ಹತ್ತೋಕೆ ಅಂತ. ಅದೂ ಸುಳ್ಳಲ್ಲ. ಆದರೆ ನಿಜವಾದ ಕೆಲಸ ಬೇರೆ ಇತ್ತು. ಲ್ಯಾಪ್‌ಟಾಪಿನಲ್ಲಿದ್ದ ಆರು ನಿಮಿಷದ ಅನಿಮೇಷನ್ ಕರಡನ್ನು ನಮ್ಮ ಕ್ಯಾಂಪಸ್ಸಿನ ಗಂಧ ಗಾಳಿ ಇಲ್ಲದವರಿಗೆ ತೋರಿಸಿ, ಅವರು ನಗ್ತಾರಾ ಅಂತ ನೋಡಬೇಕಿತ್ತು.

ಹಿನ್ನೆಲೆ ಗೊತ್ತಿಲ್ಲದ ಫಸ್ಟ್ ಇಯರಿನವರಿಗಾಗಿ ಒಂದೆರಡು ಮಾತು. ನಮ್ಮ ಸೀನಿಯರ್‌ಗಳು ಹಾಸ್ಟೆಲ್ ಬದುಕಿನ ಮೇಲೆ ಎಂಟು ಕಂತಿನ ಅನಿಮೇಷನ್ ಹಾಸ್ಯ ಸರಣಿ ಮಾಡಿದ್ದರು. ಒಂದು ರೂಮು, ನಾಲ್ಕು ಹುಡುಗರು, ಪ್ರತಿ ಕಂತಿಗೂ ಒಂದು ಹೊಸ ಪಜೀತಿ. ಅದರಲ್ಲಿ ಆಗಾಗ ಬಂದು ಹೋಗುವವರು ಮೆಸ್ಸಿನ ಭಟ್ರು. ಯಾರು ಏನೇ ಕೇಳಲಿ, ಅವರದು ಒಂದೇ ಉತ್ತರ: "ಒಂದ್ ಸೌಟು ಸಾಕು." ಸಭಾಂಗಣ ಬಿದ್ದು ಬಿದ್ದು ನಗ್ತಿತ್ತು. ಸೀನಿಯರ್‌ಗಳು ಕೋರ್ಸ್ ಮುಗಿಸಿ ಹೋಗುವಾಗ ಎಲ್ಲ ಫೈಲುಗಳನ್ನೂ ನಮ್ಮ ಕೈಗೆ ಕೊಟ್ಟು "ಮುಂದುವರಿಸ್ರೋ" ಅಂದರು. ಅದೇ ರೂಮಿಗೆ ಒಂಬತ್ತನೇ ಕಂತು ಮಾಡೋಕೆ ನಮಗೆ ಮನಸ್ಸಿರಲಿಲ್ಲ. ಭಟ್ರನ್ನೇ ನಾಯಕರನ್ನಾಗಿ ಮಾಡಿ, ರಜೆಯಲ್ಲಿ ಅವರ ಊರಿಗೆ ಕಳಿಸೋಣ ಅಂದುಕೊಂಡೆವು. ಊರು ನಿಟ್ಟೂರು ಆಯಿತು. ಯಾಕಂದ್ರೆ ನಮ್ಮಲ್ಲಿ ಚಿತ್ರ ಬರೆಯುವವನ ಮನೆ ಇರೋದೇ ಅಲ್ಲಿ. ಹಂಚಿನ ಮನೆ, ಅಡಿಕೆ ತೋಟ, ಮಳೆ ಇವನ್ನೆಲ್ಲ ಅವನು ಕಣ್ಣು ಮುಚ್ಚಿ ಬರೀತಾನೆ.

ಹೀಗೆ ಒಂದು ಸರಣಿಯ ಪಾತ್ರವನ್ನು ಹೊರಗೆ ತಂದು ಅದರ ಸುತ್ತ ಇನ್ನೊಂದು ಸರಣಿ ಕಟ್ಟುವುದಕ್ಕೆ ಸ್ಪಿನ್-ಆಫ್ ಅಂತಾರೆ. ನಾವು ಇದನ್ನು ಕವಲು ಸರಣಿ ಅಂತ ಕರೆದುಕೊಂಡಿದ್ದೇವೆ. ಕವಲು ಸರಣಿಯೊಂದು ಮೂಲದ ನೆರಳಿಲ್ಲದೆ ನಿಲ್ಲಬಲ್ಲದಾ? ಈ ಲೇಖನದ ಪ್ರಶ್ನೆ ಇಷ್ಟೇ.

ಅಜ್ಜಿಯ ಪ್ರಶ್ನೆ

ಆ ರಾತ್ರಿ ಗೆಳೆಯನ ಮನೆಯಲ್ಲಿ ಅಡಿಕೆ ಸುಲಿತ ನಡೀತಿತ್ತು. ಅಜ್ಜಿ, ದೊಡ್ಡಪ್ಪ, ಅಕ್ಕಪಕ್ಕದ ಮನೆಯವರು ಎಲ್ಲ ಸೇರಿ ಹತ್ತು ಹನ್ನೆರಡು ಜನ. ಲ್ಯಾಪ್‌ಟಾಪನ್ನು ಒಂದು ಸ್ಟೂಲಿನ ಮೇಲಿಟ್ಟು ಕರಡು ಹಾಕಿದೆವು. ಬಸ್ಸಿಳಿದ ಭಟ್ರು "ಒಂದ್ ಸೌಟು ಸಾಕು" ಅಂದಾಗ ನಾವು ನಾಲ್ಕು ಜನ ಮಾತ್ರ ನಕ್ಕೆವು. ಉಳಿದವರು ಅಡಿಕೆ ಸುಲೀತಾನೇ ಇದ್ದರು. ಆರು ನಿಮಿಷ ಮುಗಿದ ಮೇಲೆ ಅಜ್ಜಿ ಕೇಳಿದರು: "ಚಿತ್ರ ಚಂದ ಇದೆ ಮಾರಾಯಾ. ಆ ಭಟ್ರು ಮನೆಗೆ ಬಂದ್ರು, ಸರಿ. ಅವರಿಗೆ ಬೇಕಾಗಿದ್ದು ಎಂಥದು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮಲಗುವ ಮೊದಲು ಸ್ಕ್ರಿಪ್ಟ್ ತೆಗೆದು ಲೆಕ್ಕ ಹಾಕಿದೆವು. ಒಟ್ಟು ಒಂಬತ್ತು ಜೋಕು. ಅದರಲ್ಲಿ ಏಳಕ್ಕೆ ಸೀನಿಯರ್‌ಗಳ ಸರಣಿ ನೋಡಿರಲೇಬೇಕು. ಅಂದರೆ ನಾವು ಬರೆದದ್ದು ಹೊಸ ಸರಣಿಯಲ್ಲ, ಹಳೆಯದರ ಚಪ್ಪಾಳೆಯನ್ನೇ ಇನ್ನೊಮ್ಮೆ ಕೇಳಿ ಪಡೆಯುವ ಪ್ರಯತ್ನ.

ನಿಂತವು, ಅರ್ಧ ನಿಂತವು

ಅಲ್ಲಿಂದ ಬಂದ ಮೇಲೆ ಬೇರೆಯವರು ಇದನ್ನು ಹೇಗೆ ಮಾಡಿದ್ದಾರೆ ಅಂತ ಹುಡುಕಿ ಹುಡುಕಿ ನೋಡಿದೆವು.

ಮೊದಲ ಅಚ್ಚರಿ ದಿ ಸಿಂಪ್ಸನ್ಸ್. ಅನಿಮೇಷನ್ ಸಿಟ್‌ಕಾಂ ಅಂದ ಕೂಡಲೇ ನೆನಪಾಗುವ ಈ ಸರಣಿ ಸ್ವತಃ ಒಂದು ಕವಲು! 1987ರಲ್ಲಿ ದಿ ಟ್ರೇಸಿ ಉಲ್‌ಮನ್ ಶೋ ಎಂಬ ಹಾಸ್ಯ ಕಾರ್ಯಕ್ರಮದ ನಡುನಡುವೆ ಬರುತ್ತಿದ್ದ ಪುಟ್ಟ ತುಣುಕುಗಳು ಅವು. 1989ರ ಡಿಸೆಂಬರಿನಲ್ಲಿ ಅರ್ಧ ಗಂಟೆಯ ಸ್ವತಂತ್ರ ಸರಣಿಯಾಯಿತು. ಇವತ್ತು ಸಿಂಪ್ಸನ್ಸ್ ನೋಡುವವರಲ್ಲಿ ಎಷ್ಟೋ ಜನರಿಗೆ ಆ ಮೂಲ ಕಾರ್ಯಕ್ರಮದ ಹೆಸರೂ ಗೊತ್ತಿಲ್ಲ. ಹಾಗಾಗಿ "ಕವಲು ನಿಲ್ಲೋದೇ ಇಲ್ಲ" ಅನ್ನೋ ಮಾತು ಇಲ್ಲೇ ಬಿದ್ದು ಹೋಗುತ್ತೆ.

ನಮ್ಮ ಸಮಸ್ಯೆಗೆ ಹೆಚ್ಚು ಹತ್ತಿರದ್ದು ಡೇರಿಯಾ. ಎಂಟಿವಿಯಲ್ಲಿ 1993ರಲ್ಲಿ ಶುರುವಾದ ಬೀವಿಸ್ ಅಂಡ್ ಬಟ್-ಹೆಡ್‌ನಲ್ಲಿ ಇಬ್ಬರು ಪೆದ್ದ ಹುಡುಗರು. ಅವರ ಪೆದ್ದತನ ಎಷ್ಟು ಅಂತ ತೋರಿಸೋಕೆ ಪಕ್ಕದಲ್ಲಿ ಒಬ್ಬಳು ಚುರುಕು ಮಾತಿನ ಸಹಪಾಠಿ, ಡೇರಿಯಾ. 1997ರಲ್ಲಿ ಅವಳದೇ ಸರಣಿ ಬಂತು, 2002ರವರೆಗೆ 5 ಸೀಸನ್, 65 ಕಂತು ನಡೆಯಿತು. ಮೊದಲ ಕಂತಿಗೇ ಅವಳ ಕುಟುಂಬ ಬೇರೆ ಊರಿಗೆ ಬಂದಿರುತ್ತೆ. ಆ ಇಬ್ಬರು ಹುಡುಗರು ಈ ಸರಣಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆದರೆ ಊರು ಬದಲಾಯಿಸಿದ್ದು ದೊಡ್ಡ ವಿಷಯವಲ್ಲ ಅಂತ ನಮಗನ್ನಿಸಿತು. ಮೂಲದಲ್ಲಿ ಡೇರಿಯಾ ಒಂದು ಅಳತೆಗೋಲು. ಅವಳು ಹೇಳಿದ್ದು ಯಾವಾಗಲೂ ಸರಿ. ತನ್ನದೇ ಸರಣಿಯಲ್ಲಿ ಅವಳು ತಪ್ಪು ಮಾಡ್ತಾಳೆ, ತಂಗಿಯನ್ನು ತಪ್ಪು ತಿಳೀತಾಳೆ, ಗೆಳತಿಯನ್ನು ನೋಯಿಸ್ತಾಳೆ. ಬೇರೆಯವರನ್ನು ಅಳೆಯುತ್ತಿದ್ದವಳನ್ನು ಈಗ ನಾವು ಅಳೆಯಬಹುದು. ಪೋಷಕ ಪಾತ್ರ ನಾಯಕಿಯಾಗಿದ್ದು ಹೀಗೆ.

ಇನ್ನೊಂದು ಕಡೆ ದಿ ಕ್ಲೀವ್‌ಲ್ಯಾಂಡ್ ಶೋ. ಫ್ಯಾಮಿಲಿ ಗೈ ಸರಣಿಯ ಸಂಭಾವಿತ ನೆರೆಮನೆಯಾತ ಕ್ಲೀವ್‌ಲ್ಯಾಂಡ್ 2009ರಲ್ಲಿ ಹೊಸ ಊರು, ಹೊಸ ಹೆಂಡತಿ, ಹೊಸ ಮಕ್ಕಳ ಜೊತೆ ಹೊಸ ಸರಣಿಗೆ ಹೋದ. ಆದರೆ ಅಲ್ಲೂ ಅದೇ ಬಾರು, ಅದೇ ಥರದ ಗೆಳೆಯರ ಗುಂಪು. ಇಲ್ಲಿ ಮಾತಾಡುವ ನಾಯಿ ಇದ್ದರೆ ಅಲ್ಲಿ ಮಾತಾಡುವ ಕರಡಿ. ಇಲ್ಲಿ ವಯಸ್ಸಿಗೆ ಮೀರಿದ ಮಗು ಇದ್ದರೆ ಅಲ್ಲೂ ಒಂದು. ನಾಲ್ಕು ಸೀಸನ್ ನಡೆದು 2013ರಲ್ಲಿ ಮುಗಿಯಿತು, ಕ್ಲೀವ್‌ಲ್ಯಾಂಡ್ ವಾಪಸ್ ಹಳೇ ಮನೆಗೇ ಬಂದ. 88 ಕಂತು ನಡೆದದ್ದನ್ನು ಸೋಲು ಅನ್ನೋಕಾಗಲ್ಲ. ಆದರೆ ಮನೆ ಬದಲಾಯಿತು, ಮನೆಯ ನಕ್ಷೆ ಬದಲಾಗಲಿಲ್ಲ. ಆದ್ದರಿಂದ ನೋಡುವವರು ಹೋಲಿಸುತ್ತಲೇ ಇದ್ದರು.

ಮಾತೇ ಇಲ್ಲದ ಭೀಮ

ನಾಲ್ಕನೆಯದು ನಮ್ಮಲ್ಲೇ ಹುಟ್ಟಿದ್ದು. 2008ರಲ್ಲಿ ಪೋಗೋದಲ್ಲಿ ಶುರುವಾದ ಛೋಟಾ ಭೀಮ್ ನೋಡಿ ಬೆಳೆದವರೇ ನಾವೆಲ್ಲ. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಅದರ ಕವಲು ಮಾಡಿತು: ಮೈಟಿ ಲಿಟಲ್ ಭೀಮ್. ಭೀಮ ಇನ್ನೂ ಅಂಬೆಗಾಲಿಡುವ ಮಗು. ಇದು ಪಕ್ಕಾ ಸಿಟ್‌ಕಾಂ ಅಲ್ಲ, ಪುಟ್ಟ ಪುಟ್ಟ ಹಾಸ್ಯ ಕಂತುಗಳು. ಆದರೂ ಇದರಿಂದ ಕಲಿಯೋದಿದೆ.

ಮೂಲದಲ್ಲಿ ಭೀಮನಿಗೆ ಗೆಳೆಯರಿದ್ದರು, ಕಾಲಿಯಾ ಇದ್ದ, ಕಾಪಾಡೋಕೆ ಒಂದು ರಾಜ್ಯ ಇತ್ತು, ಉದ್ದುದ್ದ ಮಾತಿತ್ತು. ಕವಲಿನಲ್ಲಿ ಸಂಭಾಷಣೆಯನ್ನೇ ತೆಗೆದುಬಿಟ್ಟರು. ಉಳಿದದ್ದು ಒಂದು ಮಗು, ಅದರ ಹಸಿವು, ಅದರ ಕುತೂಹಲ, ಮಗುವಿಗೆ ಇರಬಾರದಷ್ಟು ಶಕ್ತಿ. ನಿಟ್ಟೂರಿನ ಮನೆಯಲ್ಲಿ ಎರಡೂವರೆ ವರ್ಷದ ಒಂದು ಮಗು ಇತ್ತು. ನಮ್ಮ ಕರಡು ಮುಗಿದ ಮೇಲೆ ಅದು ಹಠ ಮಾಡಿ ಫೋನಿನಲ್ಲಿ ಇದನ್ನೇ ಹಾಕಿಸಿಕೊಂಡಿತು. ನಮ್ಮ ಜೋಕಿಗೆ ನಗದ ಅಜ್ಜಿ ಇದಕ್ಕೆ ಕತ್ತಿ ಕೆಳಗಿಟ್ಟು ನಕ್ಕರು. ಅವರು ಛೋಟಾ ಭೀಮ್ ನೋಡಿದವರಲ್ಲ, ಯಾರೂ ಅವರಿಗೆ ಏನನ್ನೂ ವಿವರಿಸಲೂ ಇಲ್ಲ. ಮಗುವಿಗೆ ಲಡ್ಡು ಬೇಕು, ಲಡ್ಡು ಮೇಲಿದೆ. ಅಷ್ಟು ಸಾಕಿತ್ತು.

ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಇನ್‌ಹೆರಿಟ್ ಮಾಡಿದ ಕ್ಲಾಸಿನಲ್ಲಿ ಒಂದನ್ನೂ ಓವರ್‌ರೈಡ್ ಮಾಡದಿದ್ದರೆ ಅದು ಬರೀ ಹೆಸರು ಬದಲಾದ ಹಳೇ ಕ್ಲಾಸು. ಕವಲು ಸರಣಿ ಮೂಲದಿಂದ ಏನನ್ನು ತಗೊಂಡಿತು ಅನ್ನೋದಕ್ಕಿಂತ, ಮೂಲಕ್ಕೆ ತುಂಬಾ ಮುಖ್ಯವಾಗಿದ್ದ ಯಾವುದನ್ನು ಬಿಟ್ಟಿತು ಅಂತ ನೋಡಬೇಕು.

ಹಾಗಾದರೆ ಋಣ?

ಇಲ್ಲಿ ನಮ್ಮೊಳಗೇ ಜಗಳ ಆಯ್ತು. ಹಾಗಾದರೆ ಸೀನಿಯರ್‌ಗಳದ್ದನ್ನು ಪೂರ್ತಿ ಅಳಿಸಿಬಿಡೋದಾ? ಆ ಸರಣಿ ಇಲ್ಲದಿದ್ದರೆ ನಮ್ಮ ಲಿಂಕನ್ನು ಯಾರು ತೆಗೀತಿದ್ದರು?

ಇದಕ್ಕೆ ಉತ್ತರ ಸಿಕ್ಕಿದ್ದು ಗೆಳೆಯನ ದೊಡ್ಡಪ್ಪನ ಮಾತಿನಲ್ಲಿ. ಅವರಿಗೆ ಯಕ್ಷಗಾನದ ಹುಚ್ಚು. "ಗದಾಯುದ್ಧ ಪ್ರಸಂಗ ಆಡ್ವಾಗ ಇಡೀ ಭಾರತ ಆಡ್ತಾರೇನ? ಗೊತ್ತಿದ್ದವನಿಗೆ ಹೆಚ್ಚು ರುಚಿ. ಗೊತ್ತಿಲ್ದವನಿಗೂ ಆ ರಾತ್ರಿಗೆ ಕಡಿಮೆ ಆಗ್ಬಾರ್ದು, ಅಷ್ಟೇ" ಅಂದರು.

ಗದಾಯುದ್ಧ ಅಂದಕೂಡಲೇ ನಮಗೆ ಪಾಠದ ರನ್ನ ನೆನಪಾದ. ಪಂಪ ಸುಮಾರು 941ರಲ್ಲಿ ವಿಕ್ರಮಾರ್ಜುನ ವಿಜಯದಲ್ಲಿ ಇಡೀ ಭಾರತವನ್ನು ಕನ್ನಡಕ್ಕೆ ತಂದ, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಸೇರಿಸಿದ. ಸುಮಾರು ಅರ್ಧ ಶತಮಾನದ ನಂತರ ಬಂದ ರನ್ನ ಪಂಪನ ಹದಿಮೂರನೇ ಆಶ್ವಾಸದ ವಸ್ತುವನ್ನೇ ಎತ್ತಿಕೊಂಡು ಹತ್ತು ಆಶ್ವಾಸದ ಕಾವ್ಯ ಮಾಡಿದ. ನಾಯಕ ಅರ್ಜುನನಲ್ಲ, ಭೀಮ. ದೊರೆ ಸತ್ಯಾಶ್ರಯನೇ ಆ ಭೀಮ. ಹಿಂದಿನ ಕಥೆ ಬೇಕಾದಾಗ ಪಾತ್ರಗಳ ಬಾಯಲ್ಲೇ ನೆನಪು ಮಾಡಿಸುತ್ತಾನೆ. ಸಿಂಹಾವಲೋಕನ ಅಂತ ಅದಕ್ಕೆ ಹೆಸರು, ಇವತ್ತಿನ ಫ್ಲ್ಯಾಶ್‌ಬ್ಯಾಕ್. ಮತ್ತೆ ಓದಿ ಮುಗಿಸಿದಾಗ ನಮ್ಮ ಮನಸ್ಸಿನಲ್ಲಿ ನಿಲ್ಲೋದು ನಾಯಕ ಭೀಮನಿಗಿಂತ ಹೆಚ್ಚಾಗಿ, ಹೆಣಗಳ ನಡುವೆ ಒಬ್ಬನೇ ನಡೆಯುವ ದುರ್ಯೋಧನ.

ಪಂಪನಿಗೆ ರನ್ನ ಋಣಿಯಲ್ಲವಾ? ಖಂಡಿತ ಹೌದು. ಆದರೆ ಗದಾಯುದ್ಧವನ್ನು ಪಂಪನ ಅನುಬಂಧ ಅಂತ ಯಾರೂ ಓದೋದಿಲ್ಲ. ಸ್ವತಂತ್ರವಾಗಿ ನಿಲ್ಲೋದು ಅಂದರೆ ಸಂಬಂಧ ಕಡಿದುಕೊಳ್ಳೋದಲ್ಲ. ಮೂಲ ಗೊತ್ತಿದ್ದರೆ ಅದು ಲಾಭ. ಗೊತ್ತಿಲ್ಲದಿದ್ದರೆ ನಷ್ಟ ಆಗಬಾರದು.

ಎರಡನೇ ಕರಡು

ಅಜ್ಜಿಯ ಪ್ರಶ್ನೆಗೆ ನಾವು ಕೊನೆಗೆ ಕೊಟ್ಟುಕೊಂಡ ಉತ್ತರ ಇದು. ನಾನೂರು ಜನಕ್ಕೆ ಅಡುಗೆ ಮಾಡಿ ಅಭ್ಯಾಸವಾದ ಭಟ್ರಿಗೆ ಮೂರು ಜನರ ಮನೆಯಲ್ಲಿ ಅಳತೆಯೇ ಕೈಗೆ ಹತ್ತೋದಿಲ್ಲ. ಸಾರು ಮಾಡಿದರೆ ಅರ್ಧ ಊರಿಗೆ ಹಂಚಬೇಕು. ಅಡುಗೆಮನೆ ಅವರ ತಾಯಿಯ ಕೈಯಲ್ಲಿದೆ, ಮಗನಿಗೆ ಸೌಟು ಕೊಡೋಕೆ ಅವರಿಗೆ ಇಷ್ಟವಿಲ್ಲ. ತಾನು ಮಾಡಿದ್ದನ್ನು ಅಮ್ಮ ಉಂಡು ಒಮ್ಮೆ "ಚೆನ್ನಾಗಿದೆ" ಅನ್ನಬೇಕು. ಭಟ್ರಿಗೆ ಬೇಕಾಗಿದ್ದು ಅಷ್ಟೇ. ಪ್ರತಿ ಕಂತಿನಲ್ಲೂ ಅದು ಇನ್ನೇನು ಆಗುತ್ತೆ ಅನ್ನುವಾಗ ತಪ್ಪಿ ಹೋಗುತ್ತೆ.

"ಒಂದ್ ಸೌಟು ಸಾಕು" ಅನ್ನೋ ಮಾತನ್ನು ಭಟ್ರ ಬಾಯಿಂದ ತೆಗೆದಿದ್ದೇವೆ. ಇದನ್ನು ಒಬ್ಬ ಸೀನಿಯರ್‌ಗೆ ಫೋನ್ ಮಾಡಿ ಹೇಳಿದಾಗ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ಆಮೇಲೆ "ಅದೊಂದೇ ಅಲ್ವೇನೋ ಜನಕ್ಕೆ ನೆನಪಿರೋದು?" ಅಂದರು. ನಮಗೂ ಅದೇ ಹೆದರಿಕೆ ಇದೆ. ಆದರೆ ಎರಡನೇ ಕರಡಿನಲ್ಲಿ ಆ ಮಾತನ್ನು ಆಡುವವರು ಭಟ್ರ ತಾಯಿ. ಮಗ ಬಡಿಸೋಕೆ ಬಂದಾಗ ಬಾಳೆಲೆಗೆ ಕೈ ಅಡ್ಡ ಹಿಡಿದು ಹೇಳ್ತಾರೆ. ಹಳೇ ಸರಣಿ ನೋಡಿದವರಿಗೆ ಭಟ್ರು ಆ ಮಾತನ್ನು ಎಲ್ಲಿಂದ ಕಲಿತರು ಅಂತ ಗೊತ್ತಾಗುತ್ತೆ. ನೋಡದವರಿಗೆ ಮಗನ ಮುಖ ಕಾಣುತ್ತೆ.

ನೀವೂ ಏನಾದರೂ ಮುಂದುವರಿಸಲು ಹೊರಟಿದ್ದರೆ, ಅದು ಸ್ಕಿಟ್ ಇರಲಿ, ಕಾಮಿಕ್ ಇರಲಿ, ಈ ಮೂರು ಪ್ರಶ್ನೆ ಕೇಳಿಕೊಳ್ಳಿ:

1. ಮೂಲ ನೋಡದ ಒಬ್ಬರ ಮುಂದೆ ಹಾಕಿ. ಎಷ್ಟು ಜೋಕು ಉಳಿಯಿತು?
2. ಈ ಪಾತ್ರಕ್ಕೆ ಬೇಕಾಗಿದ್ದೇನು? ಒಂದು ವಾಕ್ಯದಲ್ಲಿ ಹೇಳೋಕಾಗುತ್ತಾ?
3. ಮೂಲಕ್ಕೆ ಮುಖ್ಯವಾಗಿದ್ದ ಯಾವುದನ್ನು ನೀವು ಬಿಟ್ಟಿದ್ದೀರಿ?

ಎರಡನೇ ಕರಡನ್ನು ಮುಂದಿನ ರಜೆಯಲ್ಲಿ ಮತ್ತೆ ನಿಟ್ಟೂರಿಗೇ ಒಯ್ಯುತ್ತೇವೆ. ಅದಕ್ಕೂ ಮೊದಲು ಭಟ್ರ ತಾಯಿಗೆ ದನಿ ಬೇಕು. ಮಲೆನಾಡಿನ ಮಾತು ಬರುವವರು ಯಾರಾದರೂ ಇದ್ದರೆ ಕ್ಲಬ್ಬಿನ ರೂಮಿಗೆ ಬನ್ನಿ.