ಅವಧಾನ: ನಿತ್ಯಜೀವನದ ಸಾಧನೆ

ಷಟ್‌ಸ್ಥಲಗಳಲ್ಲಿ ಶ್ರದ್ಧೆ ಭಕ್ತನದು, ನಿಷ್ಠೆ ಮಾಹೇಶ್ವರನದು, ಅವಧಾನ ಪ್ರಸಾದಿಯದು. ಅವಧಾನವೆಂದರೆ ಎಚ್ಚರ, ಮಾಡುವ ಕಾರ್ಯದಲ್ಲಿ ಮನಸ್ಸು ಇಡಿಯಾಗಿ ನೆಲಸಿರುವುದು. ಶರಣರು ಈ ಎಚ್ಚರವನ್ನು ಗುಹೆಯ ಏಕಾಂತಕ್ಕೆ ಮೀಸಲಿಡದೆ, ಉಣ್ಣುವ, ಉಡುವ, ನೋಡುವ, ನುಡಿಯುವ ನಿತ್ಯಕ್ರಿಯೆಗಳಲ್ಲಿಯೇ ನೆಲೆಗೊಳಿಸಿದರೆಂಬುದು ಗಮನಾರ್ಹವಾದುದು. ಒದಗಿದ್ದನ್ನು ಮೊದಲು ಲಿಂಗಕ್ಕೆ ಅರ್ಪಿಸಿ, ಅನಂತರ ಪ್ರಸಾದವೆಂದು ಕೊಳ್ಳಬೇಕು. ಹಾಗೆ ಅರ್ಪಿಸುವವನು ಕೈಗೆ ಬಂದುದೇನು, ಎಷ್ಟು, ಎಲ್ಲಿಂದ ಬಂದಿತೆಂಬುದನ್ನು ಅರಿತಿರಲೇಬೇಕು.

ಇದಕ್ಕೆ 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನಿಗಿಂತ ಮಿಗಿಲಾದ ನಿದರ್ಶನ ಬೇಕಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತರಲು, ಲಕ್ಕಮ್ಮನು ಅದನ್ನು ಕಂಡೊಡನೆ ಗುರುತಿಸಿ, ಮಿಕ್ಕುದನ್ನು ಮರಳಿ ಸುರಿದು ಬರಹೇಳಿದಳೆಂಬುದು ಪ್ರಸಿದ್ಧ ಐತಿಹ್ಯ. ತರಗತಿಗಳಲ್ಲಿ ಇದನ್ನು ನಿರ್ಲೋಭದ ಕಥೆಯೆಂದು ಬೋಧಿಸುವುದುಂಟು. ಆದರೆ ನಿರ್ಲೋಭಕ್ಕೂ ಮುನ್ನ ಅಲ್ಲಿ ಅವಧಾನವಿದೆ. ಪ್ರತಿದಿನವೂ ಮೊರದ ಅಕ್ಕಿಯನ್ನು ಮನವಿಟ್ಟು ನೋಡಿದವಳಿಗಲ್ಲದೆ ಅಂದಿನ ಹೆಚ್ಚಳ ಕಾಣುವಂತಿರಲಿಲ್ಲ. ನೋಡದವರಿಗೆ ಸಾಕೆಂಬ ಅಳತೆಯೇ ತಿಳಿಯದು.

ಮಠಗಳ ಪ್ರಸಾದನಿಲಯಗಳಿಗೆ ಬರುವ ಧಾನ್ಯ ರೈತನ ಬೆವರಿನ ಫಲ. ಭಕ್ತರು ಜೋಳಿಗೆಗೆ ನೀಡಿದ ಹಿಡಿ ಹಿಡಿ ಕಾಳು. ಕೈಯಲ್ಲಿ ತುತ್ತು, ಕಣ್ಣು ಮೊಬೈಲಿನ ಮೇಲೆ ಎಂಬಂತಿರುವ ಈ ಕಾಲದಲ್ಲಿ, ತಟ್ಟೆಯಲ್ಲಿ ಉಳಿದ ಅನ್ನವು ಹಸಿವಿಲ್ಲದುದಕ್ಕಿಂತ ಎಚ್ಚರವಿಲ್ಲದುದನ್ನೇ ಹೆಚ್ಚಾಗಿ ಸಾರುತ್ತದೆ. ಗದರಿಕೆಯಿಂದ ಮೌನವನ್ನು ತರಬಹುದು, ಅವಧಾನವನ್ನಲ್ಲ. ಬಡಿಸುವ ಹಿರಿಯರು ಮಗುವಿನ ಮುಖ ನೋಡಿ, ಎಷ್ಟು ಬೇಕೆಂದು ಕೇಳಿ ಬಡಿಸಿದರೆ, ಅಳತೆಯರಿತು ಉಣ್ಣುವುದನ್ನು ಮಗು ತಾನಾಗಿ ಕಲಿಯುತ್ತದೆ.

ಉಪಾಧ್ಯಾಯರಿಗೂ ಇದೇ ಸಾಧನೆ. ಹಾಜರಿ ಕರೆಯುವುದು ದಿನದ ಅತ್ಯಂತ ಯಾಂತ್ರಿಕ ಕ್ರಿಯೆ. ಹೆಸರಿನೊಡನೆ ಮುಖವನ್ನೂ ಕಂಡು, ಓಗೊಟ್ಟ ದನಿಯನ್ನೂ ಆಲಿಸಿದರೆ, ನಿನ್ನೆಯಂತಿರದ ದನಿ ಇಂದು ತಿಳಿಯುತ್ತದೆ. ಉಪವಾಸ ಬಂದ ಬಾಲಕ, ಶಾಲೆ ಬಿಡುವ ಅಂಚಿನಲ್ಲಿರುವ ಬಾಲಕಿ ಮೊದಲು ಕಾಣಸಿಗುವುದು ಪರೀಕ್ಷೆಯ ಅಂಕಗಳಲ್ಲಲ್ಲ, ಆ ದನಿಯಲ್ಲಿ.

ಆರಂಭದಲ್ಲಿ ದಿನಕ್ಕೊಂದೇ ಕ್ರಿಯೆ ಸಾಕು: ಪಾತ್ರೆ ತೊಳೆಯುವುದಾಗಲಿ, ಕಸ ಗುಡಿಸುವುದಾಗಲಿ, ಕರಿಹಲಗೆಯ ಮೇಲೆ ಬರೆಯುವುದಾಗಲಿ. ಮನಸ್ಸು ಅಲೆದರೆ ನೊಂದುಕೊಳ್ಳದೆ ಕೈಯ ಕೆಲಸಕ್ಕೆ ಮರಳಿ ಕರೆತರಬೇಕು. ಹೀಗೆ ಮರಳಿ ಮರಳಿ ಕರೆತರುವುದೇ ಅಭ್ಯಾಸ. ಆ ಅಭ್ಯಾಸ ಬಲಿತಲ್ಲಿ ದುಡಿಮೆ ಕಾಯಕವಾಗುವುದು, ಊಟ ಪ್ರಸಾದವಾಗುವುದು. ಎದುರಿಗಿರುವವರ ಅಳಲು ನಮ್ಮ ಕಣ್ಣಿಗೆ ತಪ್ಪದು.