ಸೈಕಲ್‌ಗೆ ಎಣ್ಣೆ ಎಲ್ಲಿ ಹಾಕಬೇಕು? – ‘ಘರ್ಷಣೆ’ ಘಟಕದ ಒಂದು ಪಾಠಾನುಭವ

ತರಗತಿ: 8 | ವಿಷಯ: ವಿಜ್ಞಾನ | ಅವಧಿ: 40 ನಿಮಿಷಗಳ ಎರಡು ಪಾಠ

ಬೋಧನಾಭ್ಯಾಸಕ್ಕೆ ಹಲಬರ್ಗಾ ಸಮೀಪದ ಶಾಲೆಗೆ ಹೋಗಿದ್ದಾಗ ಘರ್ಷಣೆ ಘಟಕವನ್ನು ಸೈಕಲ್ ಮೂಲಕ ಕಲಿಸಲು ಯೋಜಿಸಿದೆ. ‘ದಿನಾ ಕೆಲಸಕ್ಕೆ ಹೋಗುವವರಿಗೆ ಎಂಥ ಸೈಕಲ್ ಬೇಕು?’ ಎಂಬುದು ಪೀಠಿಕೆಯ ಪ್ರಶ್ನೆ. ‘ಹಗುರವಾದ, ಗೇರ್ ಇರುವ ಸೈಕಲ್’ ಎಂಬ ನಿರೀಕ್ಷಿತ ಉತ್ತರವನ್ನು ಪಾಠಯೋಜನೆಯಲ್ಲಿ ಮೊದಲೇ ಬರೆದಿಟ್ಟಿದ್ದೆ. ಅದೇ ಉತ್ತರ ಬಂತು. ನಾನು ‘ಸರಿ’ ಎಂದೆ.

ಆಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. “ಸರ್, ನಮ್ಮಪ್ಪಗ ಗೇರ್ ಬ್ಯಾಡ್ರಿ. ಥೈಲಿ ಇಡ್ಲಾಕ ಕ್ಯಾರಿಯರ್ ಬೇಕ್ರಿ. ವಾಪಸ್ ಬರೋದ್ರಾಗ ಕತ್ತಲಾಗ್ತದ” ಎಂದಳು. ಅವಳ ತಂದೆ ಗೌಂಡಿ. ಹಲಬರ್ಗಾ ಸ್ಟೇಷನ್‌ವರೆಗೆ ಸೈಕಲ್‌ನಲ್ಲಿ ಬಂದು ರೈಲಿನಲ್ಲಿ ಬೀದರ್‌ಗೆ ಹೋಗುತ್ತಾರೆ. ತುಳಿಯುವುದು ಅಕ್ಕನಿಗೆ ಶಾಲೆಯಲ್ಲಿ ಸಿಕ್ಕ ಸೈಕಲ್. 2006-07ರಲ್ಲಿ ಆರಂಭವಾದ ಉಚಿತ ಬೈಸಿಕಲ್ ಯೋಜನೆಯದು. ಹೊಸದನ್ನು ಆರಿಸುವ ಪ್ರಶ್ನೆಯೇ ಆ ಮನೆಯಲ್ಲಿಲ್ಲ. ಇರುವುದನ್ನು ಕೆಲಸಕ್ಕೆ ಒಗ್ಗಿಸುವುದು ಹೇಗೆ ಎಂಬುದೇ ಪ್ರಶ್ನೆ.

ಉಳಿದ ಅವಧಿಯಲ್ಲಿ ‘ಈ ಸೈಕಲ್ ಸರಿಪಡಿಸಲು ಏನು ಮಾಡುವಿರಿ?’ ಎಂದು ಬರೆಯಿಸಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಎಲ್ಲಾ ಕಡೆ ಎಣ್ಣೆ ಹಾಕುವುದು’ ಎಂದು ಬರೆದರು. ಕೆಲವರು ಬ್ರೇಕಿಗೂ ಎಣ್ಣೆ ಎಂದಿದ್ದರು. ಘರ್ಷಣೆ ಎಂದರೆ ತೊಂದರೆ, ಅದನ್ನು ಕಡಿಮೆ ಮಾಡಲೇಬೇಕು ಎಂಬ ತಪ್ಪು ಕಲ್ಪನೆ ನನಗೆ ಕಂಡದ್ದು ಆಗಲೇ.

ಮರುದಿನ ಆ ವಿದ್ಯಾರ್ಥಿನಿಯ ತಂದೆಗೆ ಕೆಲಸವಿರಲಿಲ್ಲ. ಸೈಕಲ್ ತರಗತಿಗೆ ಬಂತು. ಗುಂಪುಗಳು ಪರೀಕ್ಷಿಸಿ ಕಂಡುಕೊಂಡದ್ದು:

1. ಘರ್ಷಣೆ ಕಡಿಮೆ ಬೇಕಾದಲ್ಲಿ: ಚೈನ್, ಪೆಡಲ್, ಗಾಲಿಯ ಬೇರಿಂಗ್. ಇಲ್ಲಿ ಎಣ್ಣೆ ಅಥವಾ ಗ್ರೀಸ್. ಟಯರಿನಲ್ಲಿ ಗಾಳಿ ಕಡಿಮೆಯಿದ್ದರೆ ತುಳಿಯಲು ಹೆಚ್ಚು ಬಲ ಬೇಕು.

2. ಘರ್ಷಣೆ ಇರಲೇಬೇಕಾದಲ್ಲಿ: ಬ್ರೇಕ್ ರಬ್ಬರ್, ರಿಮ್, ಟಯರಿನ ಮೇಲ್ಮೈ, ಪೆಡಲಿನ ಮೇಲ್ಭಾಗ. ಇಲ್ಲಿ ಎಣ್ಣೆ ಅಪಾಯ. ರಿಮ್‌ಗೆ ನೀರು ಹಾಕಿ ಬ್ರೇಕ್ ಹಿಡಿದಾಗ ಗಾಲಿ ತಡವಾಗಿ ನಿಂತದ್ದನ್ನು ಮಕ್ಕಳೇ ನೋಡಿದರು.

3. ಸೀಟಿನ ಎತ್ತರ: ಪೆಡಲ್ ಕೆಳತುದಿಯಲ್ಲಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಅಕ್ಕನ ಎತ್ತರಕ್ಕಿದ್ದ ಸೀಟು ಅಪ್ಪನಿಗೆ ತಗ್ಗು. ಪೈಪಿನ ಮೇಲಿನ ಮಿತಿಗುರುತು ಮೀರದಂತೆ ಎತ್ತರಿಸಬೇಕು.

4. ಕತ್ತಲೆ: ಕಿಟಕಿ ಮುಚ್ಚಿ ಹಿಂದಿನ ರಿಫ್ಲೆಕ್ಟರಿಗೆ ಟಾರ್ಚ್ ಬಿಟ್ಟೆವು. ಟಾರ್ಚನ್ನು ಕಣ್ಣಿನ ಬಳಿ ಹಿಡಿದವನಿಗೆ ಅದು ಕೆಂಪಗೆ ಹೊಳೆಯಿತು, ಬದಿಯಲ್ಲಿ ನಿಂತವರಿಗೆ ಹೊಳೆಯಲಿಲ್ಲ. ಬೆಳಕು ಬಂದ ದಿಕ್ಕಿಗೇ ಮರಳುವುದರಿಂದ ಹಿಂದಿನ ವಾಹನದ ಚಾಲಕನಿಗೆ ಸೈಕಲ್ ಕಾಣುತ್ತದೆ. ಆದರೆ ಕ್ಯಾರಿಯರ್‌ಗೆ ಥೈಲಿ ಕಟ್ಟಿದೊಡನೆ ರಿಫ್ಲೆಕ್ಟರ್ ಮುಚ್ಚಿಹೋಯಿತು! ತರಗತಿ ಒಂದು ಕ್ಷಣ ಸುಮ್ಮನಾಯಿತು. “ದಿನಾ ಹಿಂಗೇ ಬರ್ತಾನ್ರಿ” ಎಂದಳು ಆ ಹುಡುಗಿ.

ರಿಫ್ಲೆಕ್ಟರನ್ನು ಬಿಚ್ಚಿ ಮಡ್‌ಗಾರ್ಡಿನ ಕೆಳಭಾಗಕ್ಕೆ ಕೂರಿಸಿದೆವು. ಮತ್ತೆ ಥೈಲಿ ಕಟ್ಟಿ, ಟಾರ್ಚ್ ಬಿಟ್ಟು ನೋಡಿದೆವು: ಕಂಡಿತು. ಮುಂದಿನ ದೀಪ ಇನ್ನೂ ಬೇಕು. ರಿಫ್ಲೆಕ್ಟರ್ ತಾನಾಗಿ ಬೆಳಕು ಕೊಡುವುದಿಲ್ಲ.

ಹಿಮ್ಮಾಹಿತಿ ವೇಳೆ ಮಾರ್ಗದರ್ಶಕ ಉಪನ್ಯಾಸಕರು, “ಮೊದಲ ದಿನ ‘ಸರಿ’ ಅಂದಿರಲ್ಲ, ಯಾರಿಗೆ ಸರಿ?” ಎಂದು ಕೇಳಿದರು. ನನ್ನ ಪ್ರಶ್ನೆಯಲ್ಲಿ ಸೈಕಲ್ ಇತ್ತು, ತುಳಿಯುವ ಮನುಷ್ಯ ಇರಲಿಲ್ಲ. ಪಾಠಯೋಜನೆಯನ್ನು ಹೀಗೆ ತಿದ್ದಿದ್ದೇನೆ: ‘ನಿಮ್ಮ ಮನೆಯಲ್ಲಿ ಸೈಕಲ್ ಯಾರು ತುಳಿಯುತ್ತಾರೆ? ಏನು ಹೊರುತ್ತಾರೆ? ಎಷ್ಟು ಹೊತ್ತಿಗೆ ಮರಳುತ್ತಾರೆ?’ ನಿರೀಕ್ಷಿತ ಉತ್ತರದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.