ಸೋಯಾ ಬದಲು ಹುರಳಿ: ಒಂದು ಸಣ್ಣ ಲೆಕ್ಕ

ನಮ್ಮ ದೇಶದ ಸೋಯಾ ಹೆಚ್ಚಾಗಿ ಬೆಳೆಯೋದು ಮಧ್ಯಪ್ರದೇಶ, ಮಹಾರಾಷ್ಟ್ರದಲ್ಲಿ. ಹುರಳಿಯಾದರೆ ಸಂತೆಮರಹಳ್ಳಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲೇ ಬರುತ್ತೆ. ಹಾಗಾದ್ರೆ ಹಂದಿ ಆಹಾರದಲ್ಲಿ ಸೋಯಾ ಹಿಂಡಿ ಬದಲು ಹುರಳಿ ಹಾಕಿದ್ರೆ ಪರಿಸರಕ್ಕೆ ಲಾಭವೇ? ಲೆಕ್ಕ ಹಾಕೋಣ.

ಸೋಯಾ ಹಿಂಡಿಯಲ್ಲಿ ಪ್ರೋಟೀನ್ ಸುಮಾರು 45%, ಹುರಳಿಯಲ್ಲಿ 22%. ಅಂದರೆ 10 ಕೆಜಿ ಹಿಂಡಿಯ ಪ್ರೋಟೀನಿಗೆ ಸುಮಾರು 20 ಕೆಜಿ ಹುರಳಿ ಬೇಕು. ಬೇಯಿಸದ ಹುರಳಿಯಲ್ಲಿರುವ ಟ್ರಿಪ್ಸಿನ್ ತಡೆಕಾರಕ ಪ್ರೋಟೀನನ್ನು ಸರಿಯಾಗಿ ಜೀರ್ಣವಾಗಲು ಬಿಡಲ್ಲ. ಬೇಯಿಸಿದ್ರೆ ಅದರ ಪ್ರಭಾವ ಬಹಳ ಕಡಿಮೆಯಾಗುತ್ತೆ. ಮೈಗೆ ಹತ್ತದ ಪ್ರೋಟೀನಿನ ಸಾರಜನಕ ಮಲಮೂತ್ರದಲ್ಲಿ ಹೊರಬಂದು, ಅಮೋನಿಯಾ ಆಗಿ ಗಾಳಿಗೆ, ನೈಟ್ರೇಟ್ ಆಗಿ ಅಂತರ್ಜಲಕ್ಕೆ ಸೇರಬಹುದು.

ಆದ್ದರಿಂದ ಉಳಿಯುವ ಲಾರಿ ಡೀಸೆಲ್ ಜೊತೆಗೆ ಒಲೆಯ ಸೌದೆ, ಶೆಡ್ಡಿನ ಕೊಳಚೆ ಎರಡನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು. ಹತ್ತಿರದ ಬೆಳೆ ಅಂದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೇದು ಅಂತ ಹೇಳೋಕಾಗಲ್ಲ.